ಬೇಕೆಂದೇ ಮರೆಯುವುದು

"ಈಗ ಹೇಳಪ್ಪ, ಆಗಲೇ ನಾನು ಓದಿದ ಹತ್ತು ಪದ," ಎಂದು ತಂಡದ ಡಾಕ್ಟರು ಪೆನ್ನು ಹಿಡಿದು ಕೂತರು. ಎದುರಿದ್ದ ಆಟಗಾರ ಬಲಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟು, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಮಡಚಿದ. "ಕನ್ನಡಿ. ಮೊಣಕೈ. ಸಕ್ಕರೆ. ಏಣಿ."

ಮೂರು ಪದಗಳನ್ನು ಬೇಕೆಂದೇ ಮರೆಯಬೇಕು ಎಂದುಕೊಂಡೇ ಒಳಗೆ ಬಂದಿದ್ದ. ಆಟದ ಋತು ಶುರುವಾಗುವ ಮೊದಲಿನ ಈ ನೆನಪಿನ ಪರೀಕ್ಷೆಯಲ್ಲಿ ಅಂಕ ಕಡಿಮೆಯಿದ್ದರೆ, ಮುಂದೆ ತಲೆಗೆ ಪೆಟ್ಟು ಬಿದ್ದು ಮತ್ತೆ ಪರೀಕ್ಷಿಸಿದಾಗಲೂ ಅಂಕ ಇಳಿದಂತೆ ಕಾಣುವುದಿಲ್ಲ. ಮತ್ತೆ ಮೈದಾನಕ್ಕೆ ಬಿಡುತ್ತಾರೆ. ದೇಶಕ್ಕಾಗಿ ಐವತ್ತೆಂಟು ರಗ್ಬಿ ಪಂದ್ಯ ಆಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ವಿಶ್ವಕಪ್ ತಂಡದ ಪಟ್ಟಿ ಶುಕ್ರವಾರ ಹೊರಬೀಳಲಿತ್ತು. "ಮೂರೇ ಬಿಡು, ದುರಾಸೆ ಬೇಡ," ಎಂದು ಹೊರಗೆ ಸರದಿ ಕಾಯುತ್ತಿದ್ದ ತಂಡದ ನಾಯಕ ಕಣ್ಣು ಹೊಡೆದಿದ್ದ.

ಹೆಬ್ಬೆರಳು ಮಡಚಲಿಲ್ಲ. ಡಾಕ್ಟರು ಓದುವಾಗಲೇ ಬಿಡಬೇಕೆಂದು ಆರಿಸಿಟ್ಟಿದ್ದ ಮೂರು ಪದಗಳನ್ನಾದರೂ ಹೇಳಿಬಿಡೋಣವೆಂದು ಹುಡುಕಿದ. ಅವೂ ಇರಲಿಲ್ಲ.

ಡಾಕ್ಟರು ನಕ್ಕುಬಿಟ್ಟರು. "ನಾಲ್ಕೇನಾ? ಸುಳ್ಳಿಗೂ ಒಂದು ಮಿತಿ ಬೇಡ್ವೇನಯ್ಯಾ? ನಾಟಕ ಆಡಿದೆ ಅಂತ ಒಪ್ಕೋ, ಈ ಹಾಳೆ ಹರಿದು ಹಾಕ್ತೀನಿ. ನಾಳೆ ಬೇರೆ ಪದ ಇಟ್ಕೊಂಡು ನೆಟ್ಟಗೆ ಮಾಡೋಣ."

"ಹೂಂ" ಎಂದಿದ್ದರೆ ಸಾಕಿತ್ತು. ಒಂದು ದಿನ ಸಿಗುತ್ತಿತ್ತು, ನಾಯಕ ಹೇಗಾದರೂ ದಾಟಿಸುತ್ತಿದ್ದ, ವಿಶ್ವಕಪ್ಪೂ ಸಿಗುತ್ತಿತ್ತೇನೋ. ಅವನು ನಗಲು ನೋಡಿದ. ಆಗಲಿಲ್ಲ.

"ನಾಟಕ ಅಲ್ಲ ಡಾಕ್ಟ್ರೇ," ಎಂದ. "ಉಳಿದ ಆರು ಯಾವ್ಯಾವು, ಹೇಳಿ."