ದಾಕ್ಷಿಣ್ಯದ ಕಟ್ಟಡ

ಇದು ಕಟ್ಟುಕತೆಯಲ್ಲ, ಕಟ್ಟಡದ ಕತೆ. ನಡೆದದ್ದನ್ನೇ ಹೇಳುತ್ತೇನೆ.

ಕಟ್ಟಡಗಳಿಗೆ ಮಾತು ಬಂದ ಮೇಲೆ ಅವು ಒಪ್ಪದೆ ಒಂದು ಇಟ್ಟಿಗೆಯನ್ನೂ ಅಲುಗಿಸುವಂತಿಲ್ಲ. ಚೌಕದ ಹಳೇ ಮಾರುಕಟ್ಟೆಯ ಮುಂಭಾಗ ಒಡೆದು ಗಾಜು ಹಾಕಿಸಲು ನಗರಸಭೆ ಹೊರಟಿತ್ತು. ಅದರ ಕಮಾನಿನ ಕೆಳಗೆ ನಲವತ್ತು ವರ್ಷದಿಂದ ಬಳೆ ಮಾರುತ್ತಿದ್ದ ಪುಟ್ಟಮಾದಮ್ಮನಿಗೆ ಹೊಸ ನಕ್ಷೆಯಲ್ಲಿ ಜಾಗವಿರಲಿಲ್ಲ.

"ಯಾರೇನು ಕೇಳಿದ್ರೂ ಹೂಂ ಅನ್ನುತ್ತೆ ಕಣಪ್ಪ ಈ ಕಟ್ಟಡ. ಬರೀ ದಾಕ್ಷಿಣ್ಯ" ಎಂದು ಅವರು ಕಣ್ಣೊರೆಸಿಕೊಂಡರು.

"ಇವತ್ತು ನಾನೇ ಕಟ್ಟಡ, ಬಿಡಿ ಅಮ್ಮ" ಎಂದು ನಾನು ಕಂಬದ ಹಿಂದೆ ಅವಿತುಕೊಂಡೆ.

ಇಂಜಿನಿಯರ್ ರೇವಣ್ಣ ಬಂದು, ಪದ್ಧತಿಯಂತೆ ಗೋಡೆಗೆ ಕೈಮುಗಿದರು. "ಯಜಮಾನ್ರೇ, ತಮಗೆ ಗಾಜು ಹಾಕಿಸಬಹುದಾ?"

ನಾನು ಕಂಬದ ಹಿಂದಿನಿಂದ ಕಟ್ಟಡದ ಗೊಗ್ಗರು ದನಿಯಲ್ಲೇ ಹೇಳಿದೆ: "ನಿಮ್ಮ ಮೂಗಿನ ಮೇಲಿದೆಯಲ್ಲ, ಅಷ್ಟು ಗಾಜು ಸಾಕು. ನನ್ನ ಮುಖ ಮುಟ್ಟಬೇಡಿ!"

ರೇವಣ್ಣ ಕನ್ನಡಕ ಒರೆಸಿಕೊಂಡು, "ಒಪ್ಪಿಲ್ಲ" ಎಂದು ಬರೆದುಕೊಂಡರು. ಪುಟ್ಟಮಾದಮ್ಮ ಸೆರಗು ಬಾಯಿಗಿಟ್ಟು ನಕ್ಕರು. ನಾನೂ ನಕ್ಕೆ. ತನ್ನ ದನಿಯಲ್ಲಿ ಇನ್ನೊಬ್ಬ ಬೈದದ್ದನ್ನು ಕೇಳಿ ಕಟ್ಟಡಕ್ಕೂ ನಗು ತಡೆಯಲಾಗಲಿಲ್ಲ. ಗಾರೆ ಉದುರಿತು. ಕಮಾನು ಬಿರುಕುಬಿಟ್ಟಿತು.

"ಮೆಲ್ಲಗೆ ಯಜಮಾನ್ರೇ, ಮೆಲ್ಲಗೆ!" ಎಂದು ಕೂಗಿ, ಪುಟ್ಟಮಾದಮ್ಮನ ಕೈಹಿಡಿದು ಬೀದಿಗೆ ಓಡಿದೆ. ರೇವಣ್ಣನೂ ಓಡಿ ಬಂದರು. ಮೂವರೂ ನೋಡುತ್ತ ನಿಂತೆವು. ಮುಂಭಾಗ ಕಲ್ಲುಕಲ್ಲಾಗಿ ಕುಸಿಯುತ್ತಿತ್ತು. ಕಟ್ಟಡ ಇನ್ನೂ ಬಿದ್ದು ಬಿದ್ದು ನಗುತ್ತಲೇ ಇತ್ತು.