ಐದರಿಂದ ಆರು

“ನಾವು ಊಟಕ್ಕೆ ಕೂತಿದ್ದೇವೆ. ನೀವೂ ಉಂಡು ಬನ್ನಿ.”

ಟ್ರೂಡಿ ಎಷ್ಟು ಸಲ ಆರ್ಡರ್ ಒತ್ತಿದರೂ ಅಂಗಡಿ ಇದೊಂದೇ ಉತ್ತರ ಕೊಡುತ್ತಿತ್ತು. ಕೆನಡಾದ ಪೂರ್ವ ಕರಾವಳಿಯಲ್ಲಿ ಆಗಸ್ಟ್ ತಿಂಗಳ ಮಧ್ಯಾಹ್ನ, ಎರಡೂವರೆ ಗಂಟೆ. ಲೂನೆನ್‌ಬರ್ಗಿನಲ್ಲಿ ಆ ಹೊತ್ತಿಗೆ ಊಟಕ್ಕೆ ಕೂರುವ ಮನೆ ಒಂದೂ ಇಲ್ಲ. ಅಡುಗೆಮನೆಯ ಮೇಜಿನ ಈ ಕಡೆ ಅವಳ ಲ್ಯಾಪ್‌ಟಾಪ್. ಆ ಕಡೆ ದೊಡ್ಡಮ್ಮ ವರ್ನಾ ಬೀನ್ಸ್ ಮುರಿಯುತ್ತ ನಿಂತಿದ್ದಳು. ಗಂಡ ಆರ್ಲಂಡ್ ಸತ್ತ ಮೇಲೆ ಆ ಮೇಜಿನ ಮುಂದೆ ಅವಳು ಕೂತದ್ದನ್ನು ಯಾರೂ ಕಂಡಿಲ್ಲ. ಉಣ್ಣುವುದೂ ನಿಂತೇ, ಒಲೆಯ ಪಕ್ಕ, ನೆನಪಾದಾಗ.

ಬಣ್ಣ ಹಾಕಿದ ಉಣ್ಣೆ ನೂಲು ಮಾರುವ ಆ ಆನ್‌ಲೈನ್ ಅಂಗಡಿಯನ್ನು ಕಟ್ಟಿದವನು ಆರ್ಲಂಡನೇ. ದೋಣಿಯ ಇಂಜಿನ್ ಬಿಚ್ಚಿ ಕೂಡಿಸುವವನು ಅದನ್ನೂ ಹಾಗೇ ತಡಕಾಡಿ ಕೂಡಿಸಿದ್ದ. ಅಂಗಡಿ ಇದ್ದ ಬಾಡಿಗೆಯ ಸರ್ವರ್ ಯಂತ್ರವನ್ನು ನಾಳೆ ಬೆಳಿಗ್ಗೆ ಮುಚ್ಚುತ್ತಾರೆ. ಅಷ್ಟರೊಳಗೆ ಹೊಸ ಜಾಗಕ್ಕೆ ಸಾಗಿಸಬೇಕು, ಇಲ್ಲವಾದರೆ ಅಂಗಡಿಯೇ ಇಲ್ಲ. ಆರ್ಲಂಡನ ತಮ್ಮನ ಮಗಳು ಟ್ರೂಡಿಗೆ ಇದೇ ಕಸುಬು. ಸಾಗಿಸುವ ಮೊದಲು ಅಂಗಡಿಯ ನಕಲನ್ನು ತನ್ನ ಲ್ಯಾಪ್‌ಟಾಪಿನಲ್ಲೇ ಎಬ್ಬಿಸಿ ನೋಡುವುದು ಅವಳ ಕ್ರಮ. ಅಂಗಡಿಗೊಂದು ಕಂಟೇನರ್ ಎಂಬ ಸಾಫ್ಟ್‌ವೇರಿನ ಪೆಟ್ಟಿಗೆ, ಗಿರಾಕಿಗಳ ವಿವರಕ್ಕೊಂದು, ಇಮೇಲಿಗೊಂದು. ಒಳಗೆ ಏನು ಒಡೆದರೂ ಹೊರಗಿನವರಿಗೆ ತಟ್ಟುವುದಿಲ್ಲ, ಕೆಟ್ಟರೆ ಎಸೆದು ಮತ್ತೆ ಎಬ್ಬಿಸಬಹುದು. ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಇಳಿಸುವ ಆ ಕಬ್ಬಿಣದ ಪೆಟ್ಟಿಗೆ ನನ್ನ ಅಡುಗೆಮನೆ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂದು ವರ್ನಾ ಬೆಳಿಗ್ಗೆಯೇ ಗೇಲಿ ಮಾಡಿದ್ದಳು.

“ದೊಡ್ಡಮ್ಮ, ದೊಡ್ಡಪ್ಪ ಸಂಜೆ ಎಷ್ಟು ಗಂಟೆಗೆ ಊಟ ಮಾಡ್ತಿದ್ದ?”

“ಐದಕ್ಕೆ. ಮನೆಗೆ ಬೆಂಕಿ ಬಿದ್ರೂ ಐದಕ್ಕೆ. ಯಾಕೆ?”

ಟ್ರೂಡಿ ಹಣೆ ಚಚ್ಚಿಕೊಂಡಳು. ಕಂಟೇನರಿಗೆ ಊರಿನ ಗಂಟೆ ಹೇಳಿಕೊಡುವುದನ್ನೇ ಮರೆತಿದ್ದಳು. ಈ ಕಸುಬಿನವರೆಲ್ಲ ಒಮ್ಮೆಯಾದರೂ ಮಾಡುವ ಪೆದ್ದುತನ. ಹೇಳದೆ ಬಿಟ್ಟರೆ ಅದು ಗ್ರೀನಿಚ್ಚಿನ ಗಂಟೆ ಹಿಡಿದು ಕೂರುತ್ತದೆ; ಇಲ್ಲಿ ಎರಡೂವರೆ ಎಂದರೆ ಅದರೊಳಗೆ ಐದೂವರೆ. ಆ ಹೊತ್ತಿನಲ್ಲಿ ಯಾರ ಆರ್ಡರನ್ನೂ ತೆಗೆದುಕೊಳ್ಳಬಾರದೆಂದು ಆರ್ಲಂಡ್ ಅಂಗಡಿಗೆ ಕಟ್ಟಪ್ಪಣೆ ಮಾಡಿಟ್ಟಿದ್ದ. ದಿನಾ, ಐದರಿಂದ ಆರು.

ಟ್ರೂಡಿ ಅದನ್ನು ಹೇಳುತ್ತಿದ್ದಂತೆ ವರ್ನಾಳ ಕೈ ನಿಂತಿತು. ಐದಕ್ಕೆ ಅವನು ಕರೆದಾಗಲೆಲ್ಲ ಅವಳು ರೇಗುತ್ತಿದ್ದಳು, ಈಗ ಆರ್ಡರ್ ಬಂದರೆ ನಿಮ್ಮಪ್ಪ ನೋಡುತ್ತಾನಾ ಎಂದು. ಅವನು ಉಪ್ಪುಮೀನು, ಆಲೂಗಡ್ಡೆ ಬಡಿಸುತ್ತ, ಈ ಹೊತ್ತಲ್ಲಿ ಯಾರೂ ಕೊಳ್ಳುವುದಿಲ್ಲ, ನಮ್ಮ ಗಿರಾಕಿಗಳು ಮರ್ಯಾದಸ್ಥರು ಎನ್ನುತ್ತಿದ್ದ. ನಿಜಕ್ಕೂ ಒಂದೂ ಬರುತ್ತಿರಲಿಲ್ಲ. ಅದನ್ನೇ ಅವಳು ಚರ್ಚಿನ ಹೆಂಗಸರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದಳು. ಆ ಒಂದು ಗಂಟೆ ಅವನು ಮೀನಿನ ಮುಳ್ಳು ಬಿಡಿಸಿ ಇವಳ ತಟ್ಟೆಗೆ ಹಾಕುತ್ತ, ಯಾವ ದೋಣಿ ಯಾವ ಬಂಡೆಗೆ ಬಡಿಯಿತು ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಅವಳೂ ಗೊಣಗುತ್ತ ಕೇಳುತ್ತಿದ್ದಳು.

“ನಿಮ್ಮ ಊಟಕ್ಕೆ ಏನಿತ್ತು ಅಂತ ಗಿರಾಕಿಗಳು ಕೇಳಿ ಬರೀತಿದ್ರು ಕಣೇ, ಆರ್ಡರ್ ಜೊತೆ,” ಅಂದಳು. “ಅಲ್ಬರ್ಟಾದೋಳು ಒಬ್ಳು, ಪ್ರತಿ ಸಲ. ಎಂಥ ಅಧಿಕಪ್ರಸಂಗಿ ಅಂತ ಬೈಕೊಂಡಿದ್ದೆ. ಊರಿಗೆಲ್ಲ ಗೊತ್ತಿತ್ತು, ನನ್ನೊಬ್ಳನ್ನ ಬಿಟ್ಟು. ಕಳ್ಳ.”

“ವ್ಯಾಂಕೂವರಿನವರಿಗೆ ಆಗಿನ್ನೂ ಮಧ್ಯಾಹ್ನ ಒಂದು ಗಂಟೆ,” ಟ್ರೂಡಿ ನಕ್ಕಳು. “ಅವರನ್ನೂ ಊಟಕ್ಕೆ ಅಟ್ಟಿದಾನೆ.”

ನಕ್ಕು ಮುಗಿದ ಮೇಲೆ ಅವಳು ಕಸುಬಿನ ಮಾತು ಆಡಿದಳು. ಈ ಕಾಲದಲ್ಲಿ ದಿನಕ್ಕೊಂದು ಗಂಟೆ ಬಾಗಿಲು ಹಾಕುವ ಆನ್‌ಲೈನ್ ಅಂಗಡಿ ಎಲ್ಲೂ ಇಲ್ಲ, ಕೋಡಿನ ಆ ಸಾಲುಗಳನ್ನು ಕಿತ್ತು ಹಾಕಿದರೆ ಮುಗಿಯಿತು ಎಂದಳು. ಆಗಲೇ ಅವುಗಳನ್ನು ಗುರುತು ಮಾಡಿದ್ದಳು. ಅಡ್ಡ ಬಂದದ್ದನ್ನೆಲ್ಲ ಅಳಿಸುವುದು ಈ ಕಸುಬಿನವರ ಚಾಳಿ. ಇನ್ನೊಂದು ಗುಂಡಿ ಒತ್ತುವುದಷ್ಟೇ ಉಳಿದಿತ್ತು.

“ಅವನು ಹೋದ ಮೇಲೆ?” ವರ್ನಾ ಕೇಳಿದಳು. “ಆಮೇಲೂ ಬಾಗಿಲು ಹಾಕ್ತಿತ್ತಾ?”

“ದಿನಾ. ನಿನ್ನೆ ಕೂಡ ಹಾಕಿದೆ. ಅದಕ್ಕೇನು ಗೊತ್ತು.”

ಅವನು ಹೋಗಿ ಮೂರು ವರ್ಷ. ವರ್ನಾ ಅಂಟುಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಹರಿಯುತ್ತ, ನೂಲಿನ ಪೊಟ್ಟಣ ಕಟ್ಟುತ್ತ ನಿಂತಿರುವಾಗ, ಅಂಗಡಿ ಬಾಗಿಲು ಹಾಕಿಕೊಂಡು ಕಂಡವರಿಗೆಲ್ಲ ಊಟದ ಸುದ್ದಿ ಹೇಳುತ್ತಿತ್ತು.

“ಕೈ ತೆಗಿ ಅಲ್ಲಿಂದ,” ಅಂದಳು ವರ್ನಾ. “ಗಡಿಯಾರ ಸರಿ ಮಾಡು. ಬೇರೇನಾದ್ರೂ ಮುಟ್ಟಿದ್ಯೋ, ನೋಡು.”

ಟ್ರೂಡಿ ಕಂಟೇನರನ್ನು ಕೆಡವಿ, ಈ ಊರಿಗೂ ಸಲ್ಲುವ ಹ್ಯಾಲಿಫ್ಯಾಕ್ಸಿನ ಗಂಟೆ ಹೇಳಿಕೊಟ್ಟು ಮತ್ತೆ ಎಬ್ಬಿಸಿದಳು. ಆರ್ಡರ್ ಸಲೀಸಾಗಿ ಹೋಯಿತು. ಆಮೇಲೆ ಅಂಗಡಿಯನ್ನು ಹೊಸ ಜಾಗಕ್ಕೆ ಸಾಗಿಸಿದಳು. ಎಲ್ಲ ಮುಗಿಸಿ, ಕೊನೆಗೊಮ್ಮೆ ನೋಡೋಣವೆಂದು ಅಲ್ಲಿ ಆರ್ಡರ್ ಒತ್ತಿದಳು.

“ನಾವು ಊಟಕ್ಕೆ ಕೂತಿದ್ದೇವೆ. ನೀವೂ ಉಂಡು ಬನ್ನಿ.”

ಗೋಡೆಯ ಗಡಿಯಾರದಲ್ಲಿ ಐದು ದಾಟಿತ್ತು. ವರ್ನಾ ಬಗ್ಗಿ, ತುಟಿ ಅಲುಗಿಸುತ್ತ ಆ ಸಾಲನ್ನು ಓದಿದಳು. ಒಲೆಯ ಮೇಲಿನ ಪಾತ್ರೆ ತಂದು ಮೇಜಿನ ನಡುವೆ ಇಟ್ಟಳು. ಕುರ್ಚಿ ಎಳೆದು ಕೂತಳು.

“‘ನಾವು’ ಅಂತ ಬರೆದಿದಾನೆ,” ಅಂದಳು. “ನಾನೊಬ್ಳೇ ಕೂತ್ರೆ ಸುಳ್ಳಾಗುತ್ತೆ. ಲ್ಯಾಪ್‌ಟಾಪ್ ಮುಚ್ಚಿ ತಟ್ಟೆ ತಗೊಂಡು ಬಾ.”