ದುರುಗಪ್ಪನ ಪ್ರಾಣಿ

ನದಿಯ ದಂಡೆ ಕುಸಿದು, ಕಲ್ಲು ಒಡೆಯುವ ದುರುಗಪ್ಪನ ಬಲಗಾಲಿನ ಮೇಲೆ ಬಂಡೆಯೊಂದು ಉರುಳಿತು. ಅದರೊಳಗೆ, ಆ ಬೆಳಿಗ್ಗೆ ಅವನೇ ಪತ್ತೆ ಮಾಡಿದ್ದ ಯಾವುದೋ ಕಾಲದ ಮೃಗದ, ಕಲ್ಲಾಗಿಹೋದ ತಲೆಬುರುಡೆಯಿತ್ತು. ನಾಲ್ಕು ಜನ ಸೇರಿದರೂ ಬಂಡೆ ಅಲುಗಲಿಲ್ಲ. ಹೆಂಡತಿ ಹುಲಿಗೆವ್ವ ಸುತ್ತಿಗೆ ಎತ್ತಿದಳು. ಎಲುಬು ಹುಡುಕಿಸುತ್ತಿದ್ದ ಸಾಹೇಬ ಓಡಿಬಂದು ಅದನ್ನು ಕಸಿದುಕೊಂಡ.

“ಒಡೀಬೇಡ! ಈ ಪ್ರಾಣಿಯನ್ನು ಲೋಕದಲ್ಲಿ ಯಾರೂ ಕಂಡಿಲ್ಲ. ಸುತ್ತಲೂ ಮೆಲ್ಲಗೆ ಉಳಿ ಹಾಕಿ ಬಿಡಿಸೋಣ.”

“ಅಲ್ಲೀತನಕ ಕಾಲು ಉಳೀತೈತೇನ್ರೀ?” ಎಂದಳು ಹುಲಿಗೆವ್ವ.

ಸಾಹೇಬ ದುರುಗಪ್ಪನ ಪಕ್ಕದಲ್ಲಿ ಕುಳಿತ. “ಹೊಸ ಪ್ರಾಣಿ ಸಿಕ್ಕರೆ ಹುಡುಕಿದವನ ಹೆಸರಿಡೋದು ನಮ್ಮಲ್ಲಿ ವಾಡಿಕೆ. ಇದಕ್ಕೆ ನಿನ್ನ ಹೆಸರೇ ಇಡ್ತೇನೆ. ನಾವೆಲ್ಲ ಸತ್ತ ಮೇಲೂ ಅದು ಪುಸ್ತಕದಲ್ಲಿ ಇರ್ತದೆ.”

ದುರುಗಪ್ಪ ಹಲ್ಲು ಕಚ್ಚಿಕೊಂಡು ಹೆಂಡತಿಯ ಕಡೆ ನೋಡಿದ. “ಒಡೀಬ್ಯಾಡ ಬಿಡು.”

ಬುರುಡೆಯನ್ನು ಒಂದು ಬಿರುಕೂ ಇಲ್ಲದೆ ಬಿಡಿಸುವಷ್ಟರಲ್ಲಿ ಸಂಜೆಯಾಗಿತ್ತು. ಕಾಲು ಕಪ್ಪಾಗಿತ್ತು. ಡಾಕ್ಟರು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಎರಡು ತಿಂಗಳ ನಂತರ ದುರುಗಪ್ಪ ಊರುಗೋಲು ಊರಿಕೊಂಡು, ಹೆಂಡತಿಯ ಹೆಗಲು ಹಿಡಿದು ಸಾಹೇಬನ ಡೇರೆಗೆ ಬಂದ. ಬುರುಡೆ ಮೇಜಿನ ಮೇಲಿತ್ತು.

“ನನ್ನ ಹೆಸರು ಬರದ್ರೇನ್ರೀ ಸಾಹೇಬ್ರ?”

“ಇಲ್ಲ. ನಿನ್ನೆ ಹಲ್ಲಿನ ಮೇಲಿನ ಮಣ್ಣು ಕೆರೆದು ನೋಡಿದೆ. ಇದು ಹೊಸದಲ್ಲ. ಬೇರೆಯವರು ಹೆಸರಿಟ್ಟು ಇಪ್ಪತ್ತು ವರ್ಷವಾಗಿದೆ. ಇಂಥವು ನಮ್ಮ ಹತ್ತಿರ ಆಗಲೇ ನಾಲ್ಕಿವೆ.”

ಸಾಹೇಬ ಆಳುಗಳಿಂದ ಬುರುಡೆಯನ್ನು ಹೊರಗೆ ಹೊರಿಸಿದ. ಅಂದು ಕಸಿದುಕೊಂಡಿದ್ದ ಸುತ್ತಿಗೆಯನ್ನು ಮೂಲೆಯಿಂದ ತಂದು ಹುಲಿಗೆವ್ವನ ಕೈಗೆ ಕೊಟ್ಟ.

“ಡೇರೆ ಮುಂದೆ ಕೆಸರಾಗಿದೆ, ಜಲ್ಲಿ ಬೇಕು. ಈಗ ಒಡಿ.”